ಸಂಬಂಧದ ಖಾನೆ

"ಪೆನ್ನು ಹಿಡಕೊಂಡು ನಿಂತ್ರ ಆಗೂದಿಲ್ರಿ ಸರ. ಬರೀರಿ," ಅಂದಳು ಗೇಟಿನ ಹಣಮವ್ವ.

ಪ್ರಾಣೇಶ ಬರೆದಿದ್ದ. ಹೆಸರು, ಊರು, ಮೊಬೈಲ್ ನಂಬರು ಎಲ್ಲ ಆಗಿತ್ತು. ಉದ್ಯೋಗದ ಖಾನೆಯಲ್ಲಿ 'ಸಸ್ಯಶಾಸ್ತ್ರ ಉಪನ್ಯಾಸಕ' ಎಂದು ಯಾರೂ ಕೇಳದಷ್ಟು ಪೂರ್ತಿಯಾಗಿ, ದುಂಡಗೆ ಬರೆದಿದ್ದ. ಮಕ್ಕಳು: ಎರಡು. ಅಲ್ಲಿಯ ತನಕ ಸಲೀಸಾಗಿ ಓಡಿದ ಪೆನ್ನು ಮುಂದಿನ ಖಾನೆಗೆ ಬಂದು ನಿಂತುಬಿಟ್ಟಿತು. ಅದರ ತಲೆಯ ಮೇಲೆ ಕೆಂಪು ಶಾಯಿಯಲ್ಲಿ 'ಸಂಬಂಧ' ಎಂದಿತ್ತು.

"ಇದು ಯಾಕ ಬೇಕು?"

"ಖಾಯಿದೆ ರಿ. ಹೋದ ದೀಪಾವಳ್ಯಾಗ ಒಬ್ಬಾಂವ ಯಾರದೋ ಕೂಸಿನ ಕೈ ಹಿಡಕೊಂಡು ಹೊಂಟಿದ್ದ. ಅವತ್ತಿಂದ ಸಾಹೇಬ್ರು ಈ ಬುಕ್ಕು ಇಟ್ಟಾರ. ಒಳಗ ಹೋಗೂ ಮುಂದ ನೀವು ಬರೀಬೇಕು. ಹೊರಗ ಬರೂ ಮುಂದ ನಾ ಮಕ್ಕಳಿಗೆ ಕೇಳ್ತೇನಿ. ಎರಡೂ ತಾಳೆ ಆದ್ರ ಬಿಡ್ತೇನಿ."

ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟಿದ್ದ ಹಣಮವ್ವ ತೊಡೆಯ ಮೇಲಿನ ಬುಕ್ಕನ್ನು ಅವನ ಕಡೆಗೆ ಇನ್ನಷ್ಟು ತಿರುಗಿಸಿದಳು. ಪೆನ್ನಿಗೆ ಕಟ್ಟಿದ ದಾರದ ಇನ್ನೊಂದು ತುದಿ ಬುಕ್ಕಿನ ಹೊಲಿಗೆಗೆ ಗಂಟು ಬಿದ್ದಿತ್ತು. ಪೆನ್ನನ್ನೂ ನಂಬದ ಹೆಂಗಸು.

ಮಕ್ಕಳು ಗೇಟಿನ ಸರಳು ಹಿಡಿದು ಜೋತಾಡುತ್ತಿದ್ದವು. ಏಳು ವರ್ಷದ ಗೋವಿಂದ, ಏಳೇ ವರ್ಷದ ಮುಕ್ತಾ. ಹಣಮವ್ವ ಅವರನ್ನು ನೋಡಿದಳು, ಪ್ರಾಣೇಶನನ್ನು ನೋಡಿದಳು, ಮತ್ತೆ ಅವರನ್ನು ನೋಡಿದಳು.

"ಅವಳಿ-ಜವಳಿ ಏನ್ರಿ?"

ಅಲ್ಲ ಅನ್ನಬೇಕಿತ್ತು. ಏಳು ವರ್ಷ ಅದನ್ನೇ ರೂಢಿ ಮಾಡಿಕೊಂಡವನು. ಆದರೆ ಬಾಯಿಂದ ಬಂದದ್ದು, "ಒಂದೇ ದಿನ ಹುಟ್ಟ್ಯಾವ."

"ಹಂಗಂದ್ರ ಜವಳೀನ ಅಲ್ರಿ ಮತ್ತ? ಮೂಗು ನೋಡ್ರಿ, ಇಬ್ಬರಿಗೂ ನಿಮ್ಮದ."

ಮನೆಯಲ್ಲಿ ಯಾರೂ ಮೂಗಿನ ಸುದ್ದಿ ಎತ್ತುತ್ತಿರಲಿಲ್ಲ. ಎತ್ತಬಾರದೆಂದು ಯಾರೂ ಹೇಳಿರಲಿಲ್ಲ, ಆದರೂ ಎತ್ತುತ್ತಿರಲಿಲ್ಲ. ಈ ಹೆಂಗಸು ಮಾತ್ರ ಒಂದು ನಿಮಿಷದಲ್ಲಿ ಮೂಗು ಅಳೆದು ಕೈಗೆ ಕೊಟ್ಟಳು. ಪ್ರಾಣೇಶನ ಕಿವಿ ಬಿಸಿಯಾದವು. ಪೆನ್ನು ಊರಿ, ಎರಡೂ ಮಕ್ಕಳಿಗೆ ಸೇರಿಸಿ, 'ತಂದೆ' ಎಂದು ಬರೆದುಬಿಟ್ಟ. ಬರೆದು ಕೆಳಗೆ ಸಹಿಯನ್ನೂ ಹಾಕಿದ.

ಎರಡು ಅಕ್ಷರ. ಅಷ್ಟಕ್ಕೇ ಅವನ ಎದೆ ಕಳ್ಳತನ ಮಾಡಿದವನ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಸಂತೋಷವೂ ಆಗಿತ್ತು, ಸುಳ್ಳು ಯಾಕೆ ಹೇಳಬೇಕು.

ಖಜೂರಿ ರಸ್ತೆಯಲ್ಲಿ, ಆಳಂದದ ಕೊನೆಯ ಲೇಔಟು ಮುಗಿದು ತೊಗರಿ ಹೊಲ ಸುರುವಾಗುವಲ್ಲಿ, ಒಂದು ಮರಡಿಯ ಮೇಲೆ ಈ ಸಸ್ಯೋದ್ಯಾನ ಇದೆ. ಅಲ್ಲಿನ ಗಿಡಗಳಿಗೆಲ್ಲ ಹೆಸರಿನ ಫಲಕ ಹಾಕುವಾಗ ಪಟ್ಟಿ ಮಾಡಿಕೊಟ್ಟವನು ಪ್ರಾಣೇಶನೇ. ಯಾವ ಗಿಡ, ಯಾವ ಕುಟುಂಬ, ಎಲ್ಲಿಂದ ಬಂದದ್ದು. ಆಳಂದದಲ್ಲಿ ಇಂಥ ಕೆಲಸಕ್ಕೆ ಅವನನ್ನೇ ಕರೆಯುತ್ತಾರೆ. ಗಿಡಗಳ ಕುಟುಂಬದ ವಿಷಯದಲ್ಲಿ ಅವನು ಒಂದು ದಿನವೂ ತಪ್ಪಿದ್ದಿಲ್ಲ.

ತಪ್ಪಿದ್ದು ಒಮ್ಮೆ, ಸೊಲ್ಲಾಪುರದ ಒಂದು ದವಾಖಾನೆಯಲ್ಲಿ. ಏಳು ವರ್ಷದ ಹಿಂದೆ ಹೆಂಡತಿ ಮೃಣಾಲಿನಿಗೆ ಅಲ್ಲಿ ಜವಳಿ ಹುಟ್ಟಿದವು. ಅವಳಿಗೆ ಇನ್ನೂ ಮಂಪರು ಇಳಿದಿರಲಿಲ್ಲ. ಪ್ರಾಣೇಶನ ಅಣ್ಣ ಮಿಲಿಂದನಿಗೂ ಅತ್ತಿಗೆ ದೀಪಾಲಿಗೂ ಮದುವೆಯಾಗಿ ಹನ್ನೆರಡು ವರ್ಷವಾದರೂ ತೊಟ್ಟಿಲು ಕಟ್ಟುವ ಯೋಗ ಬಂದಿರಲಿಲ್ಲ. ತಾಯಿ ಉಮಾಬಾಯಿ ಎರಡು ತೊಟ್ಟಿಲುಗಳ ನಡುವೆ ನಿಂತು, ಅಂಗಡಿಯಲ್ಲಿ ಸೀರೆ ಹಂಚಿದಷ್ಟು ಸಹಜವಾಗಿ ಅಂದಿದ್ದಳು: "ಮೊದಲು ಅಳತದಲ್ಲ, ಅದು ಹಿರ್ಯಾನ ಉಡ್ಯಾಗ."

ಗೋವಿಂದ ಮೊದಲು ಅತ್ತ. ಪ್ರಾಣೇಶ "ಆತವ್ವ" ಅಂದ. ಯಾಕೆ ಅಂದ ಎನ್ನುವುದನ್ನು ಅವನು ಇವತ್ತಿನವರೆಗೂ ಹುಡುಕುತ್ತಲೇ ಇದ್ದಾನೆ. ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ ಅಂತಾರಲ್ಲ, ಹಾಗೆ. ಮುಂದೆ ದತ್ತಕದ ಹೋಮ ಆಯಿತು, ಕಾಗದಪತ್ರ ಆದವು, ಉಮಾಬಾಯಿ ತೃಪ್ತಿಯಿಂದ ಕಣ್ಣು ಮುಚ್ಚಿದಳು.

ಒಂದೇ ಮನೆ, ಮೇಲೆ ಅಣ್ಣ, ಕೆಳಗೆ ತಮ್ಮ. ಗೋವಿಂದ ಮಾತು ಕಲಿತು ಪ್ರಾಣೇಶನಿಗೆ 'ಕಾಕಾ' ಅಂದ. ಅದು ನ್ಯಾಯವೇ, ಅಪ್ಪನ ತಮ್ಮ ಕಾಕಾ. ಗೋವಿಂದ ಅಂದದ್ದನ್ನು ಕೇಳಿ ಕೇಳಿ ಮುಕ್ತಾಳೂ 'ಕಾಕಾ' ಅಂದಳು. ಈ ಕಡೆಯ ಮನೆಗಳಲ್ಲಿ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಒಂದು ಕೂಸು ಕರೆದಂತೆ ಇನ್ನೊಂದು ಕೂಸು ಕರೆಯುತ್ತದೆ. ಪ್ರಾಣೇಶನೇ ತನ್ನ ಅಪ್ಪನಿಗೆ ಸಾಯುವ ತನಕ 'ಅಣ್ಣಾ' ಅನ್ನುತ್ತಿದ್ದ. ಮುಕ್ತಾ ಒಮ್ಮೆ ಮಿಲಿಂದನಿಗೆ 'ಅಪ್ಪಾ' ಅಂದಾಗ ದೀಪಾಲಿ ಅಲ್ಲಿಯೇ ತಿದ್ದಿದಳು: ದೊಡ್ಡಪ್ಪ ಅನ್ನು. 'ಕಾಕಾ' ಎನ್ನುವುದನ್ನು ಯಾರೂ ತಿದ್ದಲಿಲ್ಲ. ಅದರಿಂದ ಎಲ್ಲರಿಗೂ ಅನುಕೂಲವಿತ್ತು.

ನಾಳೆ ಬೆಳಿಗ್ಗೆ ಮಿಲಿಂದ ಹೊರಡುತ್ತಾನೆ. ಭೂಸನೂರಿನ ಸಕ್ಕರೆ ಕಾರ್ಖಾನೆಯ ಕೆಲಸ ಬಿಟ್ಟು ಕೊಲ್ಹಾಪುರದ ಕಡೆಗೆ ಇನ್ನೊಂದು ಕಾರ್ಖಾನೆಗೆ. ಇವತ್ತು ರವಿವಾರ, ಮನೆ ತುಂಬ ಹಗ್ಗ, ಖೋಕಾ, ಗೋಣಿತಟ್ಟು. "ಮಕ್ಕಳನ್ನ ಎಲ್ಲ್ಯರೆ ಕರಕೊಂಡು ಹೋಗು," ಅಂದಿದ್ದ ಮಿಲಿಂದ, ಗಂಟು ಬಿಗಿಯುತ್ತ. ಆಮೇಲೆ ತಲೆ ಎತ್ತದೆಯೇ, "ಮತ್ತ ನೋಡು, ಶಾಣ್ಯಾತನ ಮಾಡಬ್ಯಾಡ," ಅಂದ. ಮೃಣಾಲಿನಿ ನೀರಿನ ಬಾಟಲಿ ಚೀಲಕ್ಕೆ ಹಾಕಿ, "ಅವಗ ಟೋಪಿ ಹಾಕ್ರಿ," ಅಂದಳು. ಅವಳು ಗೋವಿಂದನ ಹೆಸರು ಹಿಡಿದು ಕರೆದದ್ದನ್ನು ಪ್ರಾಣೇಶ ಕೇಳಿಯೇ ಇಲ್ಲ.

ಅವನು ಶಾಣ್ಯಾತನ ಮಾಡಲೆಂದೇ ಬಂದಿದ್ದ. ಹೇಳಿಬಿಡಬೇಕು. ಗೋವಿಂದ ಒಂದು ಸಲ, ಒಂದೇ ಸಲ, ತನ್ನ ಮುಖ ನೋಡಿ 'ಅಪ್ಪಾ' ಅನ್ನಬೇಕು. ಆಮೇಲೆ ಕೊಲ್ಹಾಪುರಕ್ಕಾದರೂ ಹೋಗಲಿ, ಕಾಶಿಗಾದರೂ ಹೋಗಲಿ.

ಒಳಗೆ ಒಂಬತ್ತು ಗಂಟೆಗೇ ಬಿಸಿಲು ನೆತ್ತಿಗೆ ಬಡಿಯುತ್ತಿತ್ತು. ಮೇ ತಿಂಗಳು. ಸಿಮೆಂಟಿನ ಎರಡು ಜಿಂಕೆ, ಸಿಮೆಂಟಿನ ಒಂದು ಹುಲಿ, ಕಾದ ಕಬ್ಬಿಣದ ಜಾರುಬಂಡಿ. ಹುಲಿಯ ಬಾಲ ಮುರಿದು ಒಳಗಿನ ಸರಳು ಕಾಣುತ್ತಿತ್ತು. ಮಕ್ಕಳು ಹುಲಿಯ ಮೇಲೆ ಹತ್ತಿದವು, ಇಳಿದವು, ಜಿಂಕೆಯ ಮೇಲೆ ಹತ್ತಿದವು. ಪ್ರಾಣೇಶ ಕೂತ, ಎದ್ದ, ಇನ್ನೊಂದು ಬೆಂಚಿಗೆ ಹೋಗಿ ಕೂತ. ಎಲ್ಲಿಂದ ಸುರು ಮಾಡುವುದು? 'ಗೋವಿಂದ, ಒಂದು ಮಾತು ಹೇಳ್ತೇನಿ' ಎಂದು ಮನಸ್ಸಿನಲ್ಲಿ ಆಡಿ ನೋಡಿದ. ನಾಟಕದ ಮಾತಿನಂತೆ ಕೇಳಿಸಿತು. ತರಗತಿಯಲ್ಲಿ ಬೀಜ, ಪರಾಗ, ಗರ್ಭಧಾರಣೆ ಎಲ್ಲವನ್ನೂ ತಡವರಿಸದೆ ಹೇಳುವ ನಾಲಿಗೆ ಇದು.

ಗೋವಿಂದ ಒಂದು ಹುಲಗಲ ಗಿಡದ ಫಲಕದ ಮುಂದೆ ನಿಂತು ಅಕ್ಷರ ಕೂಡಿಸಿ ಓದುತ್ತಿದ್ದ. "ಕು-ಟುಂ-ಬ. ಕಾಕಾ, ಗಿಡಕ್ಕೂ ಕುಟುಂಬ ಇರತದೇನು?"

ಪ್ರಾಣೇಶ ದಡಕ್ಕನೆ ಎದ್ದು ಹೋದ. ದೇವರೇ ಬಾಗಿಲು ತೆಗೆದಂತಾಗಿತ್ತು.

"ಇರತದ. ಒಂದು ಗಿಡದ ಬೀಜ ಎಲ್ಲೋ ದೂರ ಹೋಗಿ ಬಿದ್ದು, ಅಲ್ಲಿ ಬೆಳದ್ರೂ, ಅದು ಅದೇ ಕುಟುಂಬದ್ದ."

"ಹಂಗಾರ ಅದಕ್ಕ ಗೊತ್ತಿರತದೇನು?"

"ಯಾವುದಕ್ಕ?"

"ಬೀಜಕ್ಕ."

"ಇಲ್ಲ," ಅಂದ ಪ್ರಾಣೇಶ. "ಯಾರರೆ ಹೇಳಬೇಕು."

"ಗಿಡಕ್ಕ ಯಾರ ಹೇಳ್ತಾರ? ನೀ ಏನೇನೋ ಹೇಳ್ತೀ," ಅಂದು ಗೋವಿಂದ ನಕ್ಕು ಓಡಿದ. ತೆರೆದ ಬಾಗಿಲು ಮುಚ್ಚಿತು. ಪ್ರಾಣೇಶ ತಾನೇ ಬರೆದುಕೊಟ್ಟ ಫಲಕವನ್ನು ಎರಡು ಸಲ ಓದಿದ. ಅದರಲ್ಲಿ ಒಂದೂ ತಪ್ಪಿರಲಿಲ್ಲ.

ಬಿಸಿಲು ತಡೆಯದೆ ಮಕ್ಕಳು ನೆರಳಿಗೆ ಬಂದವು. ನೀರು ಕುಡಿದವು. ಪ್ರಾಣೇಶ ಇನ್ನೊಂದು ದಾರಿ ಹಿಡಿದ.

"ನಾಳೆ ಹೋಗಾಕ ಮನಸದ ಏನು ನಿನಗ?"

"ಅಲ್ಲಿ ಈಜಾಡೂ ಹೊಂಡ ಅದಂತ. ಕಾಲೋನ್ಯಾಗ," ಅಂದ ಗೋವಿಂದ.

"ನಾನೂ ಹೋಗ್ತೇನಿ," ಅಂದಳು ಮುಕ್ತಾ.

"ನಾ ನೆನಪಾಗೂದಿಲ್ಲೇನು ನಿನಗ?"

ಗೋವಿಂದ ಸ್ವಲ್ಪ ಯೋಚಿಸಿದ. "ಫೋನ್ ಅದಲ್ಲ," ಅಂದ.

ನೋವಾಯಿತು. ಏಳು ವರ್ಷದ ಹುಡುಗನ ಮೇಲೆ ಸಿಟ್ಟೂ ಬಂತು, ಆ ಸಿಟ್ಟಿಗೆ ನಾಚಿಕೆಯೂ ಆಯಿತು. ಕೊಲ್ಹಾಪುರದ ಕಡೆ ರಿಕ್ಷಾದವನೂ ಕಾಕಾ, ಭಾಜಿ ಮಾರುವವನೂ ಕಾಕಾ. ಹೆಸರು ಗೊತ್ತಿಲ್ಲದ ಯಾರಿಗಾದರೂ ಅಲ್ಲಿ ಕಾಕಾ ಅನ್ನುತ್ತಾರೆ. ಆರು ತಿಂಗಳಲ್ಲಿ ಹುಡುಗ ಅಲ್ಲಿ ನೂರು ಜನ ಕಾಕಾಗಳನ್ನು ಸಂಪಾದಿಸುತ್ತಾನೆ. ಅದು ಪ್ರಾಣೇಶನಿಗೆ ಈಗಷ್ಟೇ ಹೊಳೆಯಿತು, ಹೊಳೆದದ್ದೇ ಬೆಂಚಿನಿಂದ ಮತ್ತೆ ಎದ್ದು ನಿಂತ.

"ಕಾಕಾ, ಕುಂದರು. ಪಾಟಿ ಆಟ ಆಡೂನು," ಅಂದಳು ಮುಕ್ತಾ.

ಪಾಟಿ ಆಟ ಆ ಇಬ್ಬರು ಮಕ್ಕಳೇ ಕಟ್ಟಿಕೊಂಡದ್ದು. ಒಬ್ಬರ ಬೆನ್ನು ಇನ್ನೊಬ್ಬರ ಪಾಟಿ, ಬರೆಯುವ ಸ್ಲೇಟು. ಅದರ ಮೇಲೆ ಬೆರಳಿನಿಂದ ಬರೆಯಬೇಕು, ಬೆನ್ನಿನವರು ತಿರುಗಿ ನೋಡದೆ ಓದಬೇಕು. ಓದಿಯಾದ ಮೇಲೆ ಅಂಗೈಯಿಂದ ಬೆನ್ನು ಒರಸಬೇಕು, ಇಲ್ಲದಿದ್ದರೆ ಮುಂದಿನ ಶಬ್ದ ಹಿಂದಿನದರ ಮೇಲೆ ಬೀಳುತ್ತದೆ.

ಗೋವಿಂದ ಪ್ರಾಣೇಶನ ಬೆನ್ನ ಮೇಲೆ ಬರೆದ. ಸಣ್ಣ ಬೆರಳು, ಅಂಗಿಯ ಮೇಲೆ ಒತ್ತಿ ಒತ್ತಿ. ಪ್ರಾಣೇಶನಿಗೆ ಓದುವ ಮನಸ್ಸೇ ಆಗಲಿಲ್ಲ, ಅದು ಮುಗಿಯಬಾರದು ಎನ್ನಿಸಿತು.

"ಜಾಲಿ," ಅಂದ ಸುಮ್ಮನೆ.

"ಜಿಂಕೆ!" ಮುಕ್ತಾ ಚಪ್ಪಾಳೆ ತಟ್ಟಿದಳು. "ಕಾಕಾಗ ಓದಾಕ ಬರೂದಿಲ್ಲ."

ಗೋವಿಂದ ಅಂಗೈಯಿಂದ ಬೆನ್ನು ಒರಸಿದ. "ಈಗ ನೀ ಬರಿ," ಅಂದು ತನ್ನ ಬೆನ್ನು ತಿರುಗಿಸಿ ಕೂತ.

ಪ್ರಾಣೇಶನ ಮುಂದೆ ಹುಡುಗನ ಬೆನ್ನು. ಅಂಗಿ ಬೆವರಿಗೆ ಅಂಟಿ ಬೆನ್ನೆಲುಬು ಕಾಣುತ್ತಿತ್ತು. ಬಾಯಿಂದ ಆಗದ್ದು ಬೆರಳಿನಿಂದ ಆದೀತು. ಅವನು ಬರೆದ. ಅ. ಆಮೇಲೆ ಪ, ಅದರ ಕೆಳಗೆ ಒತ್ತಕ್ಷರ. ನಿಧಾನವಾಗಿ, ಒಂದನೆಯ ಇಯತ್ತೆಯ ಮಾಸ್ತರನ ಹಾಗೆ ತಿದ್ದಿ ತೀಡಿ ಬರೆದ.

ಗೋವಿಂದ ಕಣ್ಣು ಮುಚ್ಚಿಕೊಂಡಿದ್ದ. "ಅವ್ವ," ಅಂದ.

ಪಕಾರಕ್ಕೂ ವಕಾರಕ್ಕೂ ನಡುವೆ ಸಣ್ಣದೊಂದು ಗೆರೆ. ಅದು ಬೆನ್ನಿಗೆ ತಿಳಿಯುವಂಥದ್ದಲ್ಲ.

"ಸರೀನೋ?" ಅಂದ ಹುಡುಗ.

ಅಲ್ಲ ಅನ್ನು, ಪ್ರಾಣೇಶಾ. ಇನ್ನೊಮ್ಮೆ ಬರಿ. ಅವನಿಗೆ ತಿಳಿಯುತ್ತಿತ್ತು, ಇದಕ್ಕಿಂತ ಸಲೀಸಾದ ಗಳಿಗೆ ಇನ್ನು ಬರಲಿಕ್ಕಿಲ್ಲ ಎಂದು.

"ಸರಿ," ಅಂದು ಅವನು ಹುಡುಗನ ಬೆನ್ನು ಒರಸಿದ.

ಹನ್ನೊಂದಕ್ಕೆ ಗೇಟಿಗೆ ಬಂದರು. ಹಣಮವ್ವ ಬುಕ್ಕು ತೆಗೆದಳು, ಬೆರಳಿನಿಂದ ಸಾಲು ಹುಡುಕಿದಳು. ಓದಿಕೊಂಡು ಮಕ್ಕಳ ಕಡೆಗೆ ಬಗ್ಗಿದಳು.

"ಇವರು ನಿಮಗ ಏನಾಗಬೇಕು?"

"ಕಾಕಾ," ಎರಡೂ ಕಂಠ ಒಂದೇ ಸಲ.

ಹಣಮವ್ವ ಬುಕ್ಕಿನ ಮೇಲೆ ಬೆರಳಿಟ್ಟೇ ತಲೆ ಎತ್ತಿದಳು. "ಸರ, ಇಲ್ಲಿ ತಂದಿ ಅಂತ ಬರದೀರಿ."

"ಹೌದು. ನಮ್ಮ ಮನ್ಯಾಗ ಹಂಗ ಕರೀತಾರ."

"ಅಪ್ಪಗ ಕಾಕಾ ಅನ್ನೂ ಮನಿ ನಾನೂ ಕಂಡೇನ್ರಿ. ನಮ್ಮ ಖಜೂರ್ಯಾಗ ಬೇಕಾದಷ್ಟು ಅವ. ಅದಕ್ಕೇನೂ ಅನ್ನಂಗಿಲ್ಲ." ಅವಳು ಮುಕ್ತಾಳ ಗದ್ದ ಹಿಡಿದಳು. "ನಿಮ್ಮಪ್ಪ ಯಾರವ್ವ?"

"ಇವನ. ಕಾಕಾ."

"ಆತು. ನಿಮ್ಮಪ್ಪೋ, ಸಾವ್ಕಾರ?"

ಗೋವಿಂದ ಟೋಪಿ ಸರಿ ಮಾಡಿಕೊಂಡ. "ನಮ್ಮಪ್ಪ ಮನ್ಯಾಗ ಸಾಮಾನ ಕಟ್ಟಾಕತ್ತಾನ."

ಹಣಮವ್ವ ಗೇಟಿನ ಚಿಲಕದ ಮೇಲೆ ಕೈ ಇಟ್ಟಳು. ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಖಾಯಿದೆ ಇತ್ತು. "ಇದು ತಾಳೆ ಆಗವಲ್ದಲ್ರಿ ಸರ."

ಹಿಂದೆ ಒಂದು ಸಂಸಾರ ಹೊರಗೆ ಹೋಗಲು ಬಂದು ನಿಂತಿತು. ಆ ಗಂಡಸು ಪ್ರಾಣೇಶನನ್ನು ಮೇಲಿಂದ ಕೆಳಗೆ ನೋಡಿದ. ಈಗ ಹೇಳಬಹುದಿತ್ತು. ಈಗ ಹೇಳಿದರೆ ಅದು ಶಾಣ್ಯಾತನವೂ ಆಗುತ್ತಿರಲಿಲ್ಲ, ಖಾಯಿದೆಗೆ ಉತ್ತರ ಆಗುತ್ತಿತ್ತು. ಗೋವಿಂದ ಅವನ ಮುಖವನ್ನೇ ನೋಡುತ್ತಿದ್ದ.

"ನಿಮ್ಮಪ್ಪನ ನಂಬರ್ ಗೊತ್ತದೇನಪ್ಪಾ?" ಅಂದಳು ಹಣಮವ್ವ.

ಹುಡುಗ ಹತ್ತೂ ಅಂಕಿಗಳನ್ನು ಮಗ್ಗಿಯ ಹಾಗೆ ಹೇಳಿದ. ದೀಪಾಲಿ ಬಾಯಿಪಾಠ ಮಾಡಿಸಿದ್ದಳು. ಹಣಮವ್ವ ತನ್ನ ಫೋನಿನಲ್ಲಿ ಒತ್ತಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು.

"ಹಾಂ, ಹೇಳ್ರಿ," ಅಂತು ಮಿಲಿಂದನ ದನಿ. ಹಿಂದೆ ಟೇಪು ಹರಿಯುವ ಸಪ್ಪಳ.

"ಗಿಡದ ಪಾರ್ಕಿನಿಂದ್ರಿ. ಗೋವಿಂದ ಅನ್ನೂ ಹುಡುಗ ನಿಮಗೇನಾಗಬೇಕ್ರಿ?"

"ನನ್ನ ಮಗ. ಯಾಕ್ರಿ, ಬಿದ್ದಾನೇನು?"

"ಏನಿಲ್ರಿ, ಆರಾಮ ಅದಾನ. ಕರಕೊಂಡು ಬಂದವರು ಬುಕ್ಕಿನ್ಯಾಗ ಒಂದೀಟು ಬ್ಯಾರೆ ಬರದಾರ."

"ನನ್ನ ತಮ್ಮ ಅವ. ಏನಂತ ಬರದಾನ?"

"ತಂದಿ ಅಂತ್ರಿ."

ಟೇಪಿನ ಸಪ್ಪಳ ನಿಂತಿತು. ಆಮೇಲೆ ಮಿಲಿಂದ ನಕ್ಕ. ಆ ನಗುವನ್ನು ಪ್ರಾಣೇಶ ಚಿಕ್ಕಂದಿನಿಂದ ಬಲ್ಲ, ಆಟದಲ್ಲಿ ತಮ್ಮನ ಗೋಲಿ ಗೆದ್ದುಕೊಂಡಾಗಿನ ನಗು ಅಲ್ಲ ಅದು, ಸೋಲುವ ಭಯವಾದಾಗಿನದು.

"ಮಾಸ್ತರ್ ಮನುಷ್ಯಾ ರಿ. ಗಿಡದ ಧ್ಯಾನದಾಗ ಬರದಿರತಾನ. ಪ್ರಾಣ್ಯಾ, ಕೇಳಾಕತ್ತದೇನು?"

"ಕೇಳಾಕತ್ತದ," ಅಂದ ಪ್ರಾಣೇಶ.

"ಹೊಡದ ಹಾಕು ಅದನ್ನ. ಜಲ್ದಿ ಬರ್ರಿ, ಊಟಕ್ಕ ಎಲಿ ಹಾಕ್ಯಾರ."

ಫೋನು ಇಟ್ಟ. ಹಣಮವ್ವ ಬುಕ್ಕು ಮುಂದೆ ಹಿಡಿದಳು, ಪೆನ್ನು ಕೈಗೆ ಕೊಟ್ಟಳು. "ತಪ್ಪು ತಿಳಕೋಬ್ಯಾಡ್ರಿ ಸರ. ಮೂಗು ನೋಡಿ ನನಗೂ ಮೋಸ ಆತು."

ಪ್ರಾಣೇಶ ಪೆನ್ನು ಹಿಡಿದ. ದಾರ ಗಿಡ್ಡಾಗಿದ್ದರಿಂದ ಬಗ್ಗಬೇಕಾಯಿತು. "ಅಲ್ಲ," ಅಂದ, ಯಾರಿಗೂ ಕೇಳದಷ್ಟು ಮೆತ್ತಗೆ. ಯಾವುದು ಅಲ್ಲ ಎಂದು ಅವನಿಗೇ ತಿಳಿಯಲಿಲ್ಲ. ಹಿಂದೆ ನಿಂತ ಸಂಸಾರದ ಕೂಸು ಬಿಸಿಲಿಗೆ ಅಳತೊಡಗಿತ್ತು. ಅವನು 'ತಂದೆ'ಯ ಮೇಲೆ ಒಂದು ಅಡ್ಡಗೆರೆ ಎಳೆದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

"ಮ್ಯಾಲ ಕಾಕಾ ಅಂತ ಬರೀರಿ."

"ಇವಳಿಗೆ ನಾ ತಂದಿನ."

"ಇಬ್ಬರೂ ಅದನ್ನ ಅಂತಾವಲ್ರಿ. ಒಂದ ಥರಾ ಇರಲಿ. ನಾಳೆ ಸಾಹೇಬ್ರು ಕೇಳಿದ್ರ ನಾ ಎಷ್ಟಂತ ಹೇಳ್ಲಿ?"

'ಕಾಕಾ' ಎಂದು ಬರೆದ. ಸಹಿ ಹಾಕಿದ. ಗೇಟು ತೆರೆಯಿತು.

ಗೋವಿಂದ ಕಾಲ್ಬೆರಳ ಮೇಲೆ ನಿಂತು ಬುಕ್ಕಿನಲ್ಲಿ ಇಣುಕಿದ್ದ. ಗೆರೆಯ ಕೆಳಗಿನ ಅಕ್ಷರಗಳನ್ನು ಕೂಡಿಸಿ ಓದಿದ. "ತಂ-ದೆ. ಕಾಕಾ, ಇದನ್ಯಾಕ ಹೊಡದಿ?"

"ತಪ್ಪಾಗಿತ್ತು."

"ತಪ್ಪಾದ್ರ ಹತ್ತು ಸಲ ಬರೀಬೇಕು. ನಮ್ಮ ಟೀಚರ್ ಹಂಗ ಮಾಡಸ್ತಾರ."

"ದೊಡ್ಡವರಿಗೆ ಇಲ್ಲ."

"ಯಾಕ?"

ಪ್ರಾಣೇಶ ಗಾಡಿ ಚಾಲೂ ಮಾಡಿದ. ಮುಕ್ತಾಳನ್ನು ಮುಂದೆ ಟಾಕಿಯ ಮೇಲೆ ಕೂರಿಸಿಕೊಂಡ, ಗೋವಿಂದ ಹಿಂದೆ ಹತ್ತಿದ. ಖಜೂರಿ ಕಡೆಯಿಂದ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಅವನು ರಸ್ತೆಯ ಅಂಚು ಹಿಡಿದು ಹೊರಟ. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಮನೆಗೆ ಹತ್ತು ನಿಮಿಷ. ಮನೆಯಲ್ಲಿ ಎಲೆ ಹಾಕಿದ್ದಾರೆ. ಅಣ್ಣನ ಎದುರಿನ ಎಲೆ ತನ್ನದು.

ಲೇಔಟಿನ ತಿರುವಿನಲ್ಲಿ ಬೆನ್ನ ಮೇಲೆ ಬೆರಳು ಬಿತ್ತು.

"ನಿನ್ನ ಬದಲಿ ನಾ ಬರೀತೇನಿ," ಎಂದು ಗೋವಿಂದ ಗಾಳಿಯಲ್ಲಿ ಒದರಿದ. "ಹತ್ತು ಸಲ."

ಪ್ರಾಣೇಶ ಗಾಡಿಯ ವೇಗ ಇಳಿಸಿದ. ಬೆನ್ನನ್ನು ನೆಟ್ಟಗೆ ಮಾಡಿದ. ದುಂಡಗೆ ಒಂದು ಸುತ್ತು ಬಂತು. ಕಕಾರವೂ ದುಂಡಗಿರುತ್ತದೆ, ತಕಾರವೂ ದುಂಡಗಿರುತ್ತದೆ. ಆಮೇಲೆ ಒಂದು ಎಳೆತ. ಅದು ದೀರ್ಘವೋ, ಸೊನ್ನೆಯೋ? ಗಾಡಿ ಕುಲುಕಿ ಅಕ್ಷರ ಕೆಟ್ಟಿತು. ಒಂದು, ಎಂದು ಹುಡುಗ ಎಣಿಸಿದ. ಮತ್ತೆ ಸುರುವಾಯಿತು. ಎರಡು. ಲಾರಿಯೊಂದು ಹಾರ್ನ್ ಹೊಡೆದುಕೊಂಡು ದಾಟಿತು. ಮೂರು. ಹುಡುಗ ಯಾವುದನ್ನು ತಪ್ಪೆಂದುಕೊಂಡಿದ್ದಾನೆ, ಯಾವುದನ್ನು ಸರಿ ಎಂದು ಬರೆಯುತ್ತಿದ್ದಾನೆ? ಐದಕ್ಕೆ ಬಂದಾಗ ಪ್ರಾಣೇಶ ಗಾಡಿಯನ್ನು ಇನ್ನೂ ನಿಧಾನ ಮಾಡಿದ್ದ. ಬೆನ್ನೆಲ್ಲ ಕಿವಿಯಾಗಿತ್ತು. ಅಂಗಿ ಬೆವರಿಗೆ ತೊಯ್ದು, ಒಂದರ ಮೇಲೆ ಒಂದು ಬಿದ್ದ ಅಕ್ಷರಗಳು ಕಲಸಿಹೋಗಿ, ಬರೀ ಬೆರಳು ಓಡಾಡುವುದಷ್ಟೇ ತಿಳಿಯುತ್ತಿತ್ತು.

ಒಂಬತ್ತು. ಹತ್ತು.

"ಹೇಳು, ಏನ್ ಬರದೆ?"

ಬಸ್ ಸ್ಟ್ಯಾಂಡಿನ ವೃತ್ತ ಬಂತು. ಪ್ರಾಣೇಶ ಬಾಯಿ ತೆರೆದ. ಒಂದೇ ಸಲ ಹೇಳಬಹುದು, ಅದು ಆಟದ ನಿಯಮ. ತಿರುಗಿ ನೋಡುವಂತಿಲ್ಲ, ಅದೂ ನಿಯಮ. ಮುಂದೆ ಮುಕ್ತಾ ತಾನೇ ಗಾಡಿ ಹೊಡೆಯುವವಳ ಹಾಗೆ ಬಾಯಿಂದ ಭರ್ರ್ ಅನ್ನುತ್ತಿದ್ದಳು.

"ಹೇಳ ಲಗೂನ. ಮನಿ ಬಂತು," ಅಂದ ಗೋವಿಂದ.

ಓಣಿಯ ತಿರುವಿನಿಂದಲೇ ಮನೆಯ ಮುಂದೆ ನಿಂತ ಟೆಂಪೊ ಕಾಣಿಸಿತು. ಪ್ರಾಣೇಶ ಗಾಡಿಯನ್ನು ಅದರ ಹಿಂದೆ ತಂದು ನಿಲ್ಲಿಸಿದ. ಹುಡುಗ ಇನ್ನಷ್ಟು ಹೊತ್ತು ಕಾದ. ಆಮೇಲೆ ಸಣ್ಣ ಅಂಗೈ ಬೆನ್ನ ಮೇಲೆ ಬಂತು. ಮೇಲಿಂದ ಕೆಳಗೆ, ಮತ್ತೆ ಮೇಲಿಂದ ಕೆಳಗೆ, ಆ ಅಂಚಿನಿಂದ ಈ ಅಂಚಿಗೆ, ಏನೂ ಉಳಿಯದ ಹಾಗೆ ಅದು ಪಾಟಿಯನ್ನು ಒರಸಿತು.